ತೂತೇ ಬಂಡವಾಳ: ಬ್ಯಾಟರಿಯೊಳಗಿನ ಹಾಳೆ ಹೇಗೆ ತಯಾರಾಗುತ್ತದೆ

ಕಳೆದ ಮೇ ತಿಂಗಳಲ್ಲಿ ಮೂರು ವಾರ ಊರಲ್ಲಿದ್ದು ಕಲಬುರಗಿಗೆ ಮರಳಿದಾಗ ಮನೆಯ ಇನ್ವರ್ಟರ್ ಬ್ಯಾಟರಿ ಮಲಗಿಬಿಟ್ಟಿತ್ತು. ಹೊರಡುವ ಗಡಿಬಿಡಿಯಲ್ಲಿ ಮೇನ್ ಸ್ವಿಚ್ ಆರಿಸಿದ್ದೆ, ಇನ್ವರ್ಟರ್ ಆರಿಸುವುದು ಮರೆತಿದ್ದೆ. ಕರೆಂಟಿಲ್ಲದ ಮನೆಯಲ್ಲಿ ಅದು ತನ್ನ ಪಾಡಿಗೆ ಬ್ಯಾಟರಿ ಹೀರುತ್ತ ಕೂತಿದೆ. ಈಗ ರಾತ್ರಿಯಿಡೀ ಚಾರ್ಜ್ ಮಾಡಿದರೂ ಫ್ಯಾನು ಹತ್ತು ನಿಮಿಷ ತಿರುಗಿ ನಿಲ್ಲುತ್ತಿತ್ತು. ನಮ್ಮ ಕಡೆಯ ಮೇ ತಿಂಗಳ ರಾತ್ರಿಯನ್ನು ಫ್ಯಾನಿಲ್ಲದೆ ಕಳೆಯುವುದು ಎಂಥದ್ದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ.

ಹುಮ್ನಾಬಾದ್ ರಿಂಗ್ ರಸ್ತೆಯಲ್ಲಿ ಹಳೆಯ ಬ್ಯಾಟರಿ ಅಂಗಡಿಯೊಂದಿದೆ. ಅದನ್ನು ನಡೆಸುವವರನ್ನು ಎಲ್ಲರೂ ಚಾಚಾ ಅಂತಲೇ ಕರೆಯುತ್ತಾರೆ. ಚಾಚಾ ಮೀಟರ್ ಹಚ್ಚಿ ನೋಡಿದರು. "ಹತ್ತೂವರೆ ತೋರಸ್ಲತ್ತದ ಸರ. ಒಂದ್ ಸೆಲ್ ಹೋಗ್ಯಾದ." ಹನ್ನೆರಡು ವೋಲ್ಟಿನ ಬ್ಯಾಟರಿಯೆಂದರೆ ಒಳಗೆ ಎರಡೆರಡು ವೋಲ್ಟಿನ ಆರು ಕೋಣೆಗಳು. ಪೂರ್ತಿ ಚಾರ್ಜಾದಾಗ ಒಂದೊಂದೂ ಎರಡಕ್ಕಿಂತ ತುಸು ಹೆಚ್ಚು, ಒಟ್ಟು ಹನ್ನೆರಡೂವರೆ ದಾಟುತ್ತದೆ. ಒಂದು ಕೋಣೆಯೊಳಗೆ ಶಾರ್ಟ್ ಆದರೆ ಅದರಲ್ಲಿ ಸುಮಾರು ಎರಡು ವೋಲ್ಟು ಕಮ್ಮಿ. ಹೇಗೂ ಹಾಳಾಗಿದೆ, ಬಿಚ್ಚಿ ತೋರಿಸಿ ಎಂದೆ. ಕೈಗವಸು ಹಾಕಿಕೊಂಡು, ಆಸಿಡ್ ಬಸಿದು, ಸತ್ತ ಕೋಣೆಯ ಪ್ಲೇಟುಗಳ ಗಂಟನ್ನು ಎತ್ತಿದರು. ಪ್ಲೇಟುಗಳ ನಡುವಿನಿಂದ ಕರಿಯ, ಗೀರುಗೀರಾದ ಒಂದು ಪ್ಲಾಸ್ಟಿಕ್ ಹಾಳೆ ಎಳೆದು ತೊಳೆದು ಬಿಸಿಲಿಗೆ ಹಿಡಿದರು. ಅದರಲ್ಲಿ ಸಾಸಿವೆಗಿಂತ ಸಣ್ಣದೊಂದು ಬೆಳಕಿನ ಚುಕ್ಕೆ. "ನೋಡ್ರಿ, ಇಲ್ಲಿ ತೂತು ಬಿದ್ದದ. ಈಟಕ್ಕೇ ಇಡೀ ಬ್ಯಾಟ್ರಿ ಹೋಯ್ತು."

ನನಗೆ ನಗು ಬಂತು. ಏಕೆಂದರೆ ಆ ಹಾಳೆಯ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ತೂತೇ. ತೂತಿಲ್ಲದಿದ್ದರೆ ಆ ಬ್ಯಾಟರಿ ಒಂದು ದಿನವೂ ಕೆಲಸ ಮಾಡುತ್ತಿರಲಿಲ್ಲ. ಹಾಗಾದರೆ ಕೋಟ್ಯಂತರ ತೂತು ಬ್ಯಾಟರಿಯನ್ನು ಬದುಕಿಸುತ್ತವೆ, ಒಂದೇ ಒಂದು ತೂತು ಕೊಲ್ಲುತ್ತದೆ. ಆ ತೂತಿಗೂ ಈ ತೂತಿಗೂ ಏನು ಫರಕು ಎಂದು ತಿಳಿದರೆ ಸೆಪರೇಟರ್ ಎಂಬ ಈ ಹಾಳೆಯ ಮುಕ್ಕಾಲು ಶಾಸ್ತ್ರ ತಿಳಿದಂತೆ.

ಮೊದಲು ಅದರ ಕೆಲಸ ಏನು ನೋಡೋಣ. ಬ್ಯಾಟರಿಯಲ್ಲಿ ಎರಡು ಪ್ಲೇಟು, ಒಂದು ಧನ, ಒಂದು ಋಣ. ನಡುವೆ ದ್ರವ. ಕರೆಂಟ್ ಹರಿಯುವಾಗ ಎರಡು ಸಂಚಾರ ಒಟ್ಟಿಗೆ ನಡೆಯುತ್ತವೆ. ಎಲೆಕ್ಟ್ರಾನುಗಳು ಹೊರಗಿನ ವೈರಿನಲ್ಲಿ ಹೋಗಿ ಫ್ಯಾನು ತಿರುಗಿಸಿ ಆಚೆ ಪ್ಲೇಟಿಗೆ ಸೇರುತ್ತವೆ. ಆ ಲೆಕ್ಕ ಸರಿದೂಗಿಸಲು ಒಳಗಿನ ದ್ರವದಲ್ಲಿ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಸಣ್ಣ ಕಣಗಳು, ಒಂದು ಪ್ಲೇಟಿನಿಂದ ಇನ್ನೊಂದರತ್ತ ಸರಿಯುತ್ತವೆ. ಎರಡು ಪ್ಲೇಟು ಒಳಗೇ ಒಂದಕ್ಕೊಂದು ತಾಗಿದರೆ ಎಲೆಕ್ಟ್ರಾನು ವೈರಿನ ದೂರದ ದಾರಿ ಯಾಕೆ ಹಿಡಿದೀತು? ಅಲ್ಲೇ ದಾಟುತ್ತದೆ, ಶಕ್ತಿಯೆಲ್ಲ ಶಾಖವಾಗಿ ಹೋಗುತ್ತದೆ. ತಾಗಬಾರದೆಂದು ಪ್ಲೇಟುಗಳನ್ನು ದೂರ ದೂರ ಇಟ್ಟರೆ ಅಯಾನುಗಳ ದಾರಿ ಉದ್ದವಾಗಿ ಬ್ಯಾಟರಿ ಸೋಮಾರಿಯಾಗುತ್ತದೆ. ಆದ್ದರಿಂದ ಅವು ಆದಷ್ಟೂ ಹತ್ತಿರವಿರಬೇಕು, ಆದರೆ ಮುಟ್ಟಬಾರದು. ಎಲೆಕ್ಟ್ರಾನಿಗೆ ಗೋಡೆ, ಅಯಾನಿಗೆ ಬಾಗಿಲು. ಸೆಪರೇಟರ್ ಇರುವುದು ಇದಕ್ಕೇ.

ಸೂಜಿಯಿಂದ ಚುಚ್ಚಿ ಮಾಡಿದ ನೇರ ತೂತು ಇಲ್ಲಿ ನಡೆಯುವುದಿಲ್ಲ. ಚಾರ್ಜ್ ಆಗುವಾಗ ಋಣ ಪ್ಲೇಟಿನ ಮೇಲೆ ಲೋಹ ಕೆಲವೊಮ್ಮೆ ಸಣ್ಣ ಕೊಂಬೆಗಳಂತೆ, ಬೇರಿನಂತೆ ಬೆಳೆಯುತ್ತದೆ. ನೇರ ತೂತು ಸಿಕ್ಕರೆ ಅದರೊಳಗೆ ನುಗ್ಗಿ ಆಚೆ ಪ್ಲೇಟನ್ನು ಮುಟ್ಟಿಬಿಡುತ್ತದೆ. ಬೇಕಾಗಿರುವುದು ಡೊಂಕು ದಾರಿ. ಬೀದರಿನ ಕಡೆಯವರಿಗೆ ಇದನ್ನು ಹೇಳುವುದು ಸುಲಭ. ನೌಬಾದಿನ ಸುರಂಗ ಬಾವಿ, ಬಹಮನಿ ಕಾಲದ ಕರೇಜ್, ನಿಂತಿರುವುದೇ ಜಂಬಿಟ್ಟಿಗೆ ಕಲ್ಲಿನ ಗುಣದ ಮೇಲೆ. ಆ ಕೆಂಪು ಕಲ್ಲಿನ ತುಂಬ ಸಣ್ಣ ಸಣ್ಣ ಸಂದುಗಳು, ಒಂದರಿಂದ ಇನ್ನೊಂದಕ್ಕೆ ಸುತ್ತಿ ಬಳಸಿ ದಾರಿ. ಮೇಲೆ ಬಿದ್ದ ಮಳೆ ನೀರು ಜಿನುಗುತ್ತ ಇಳಿಯುತ್ತದೆ, ಮಣ್ಣು ಮೇಲೆಯೇ ಉಳಿಯುತ್ತದೆ, ಕಲ್ಲು ಕುಸಿಯದೆ ನಿಲ್ಲುತ್ತದೆ. ಒಳ್ಳೆಯ ಸೆಪರೇಟರ್ ಇದೇ ಜಂಬಿಟ್ಟಿಗೆಯ ತೆಳು ಹಾಳೆ ಎಂದುಕೊಳ್ಳಿ. ಅದರ ಸಂದುಗಳು ಮಾತ್ರ ಒಂದು ಮೈಕ್ರಾನಿನ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ, ಹತ್ತನೇ ಒಂದು ಭಾಗದಷ್ಟು. ಪ್ಲೇಟಿನಿಂದ ಉದುರುವ ಪುಡಿಯ ಕಣಕ್ಕೆ ಅಲ್ಲಿ ಪ್ರವೇಶವಿಲ್ಲ.

ಇಷ್ಟು ಸಣ್ಣ, ಇಷ್ಟು ಡೊಂಕು, ಇಷ್ಟು ಲೆಕ್ಕವಿಲ್ಲದ ತೂತುಗಳನ್ನು ಯಾವ ಯಂತ್ರವೂ ಒಂದೊಂದಾಗಿ ಕೊರೆಯಲಾರದು. ಅವು ತಾವಾಗಿಯೇ ಆಗುವಂತೆ ಮಾಡಬೇಕು. ಸೆಪರೇಟರ್ ಚರಿತ್ರೆ ಎಂದರೆ ಆ ಉಪಾಯಗಳ ಚರಿತ್ರೆ.

ಗಾಸ್ಟನ್ ಪ್ಲಾಂಟೆ 1859ರಲ್ಲಿ ಫ್ರಾನ್ಸಿನಲ್ಲಿ ಮೊದಲ ಸೀಸ-ಆಮ್ಲ ಬ್ಯಾಟರಿ ಮಾಡಿದಾಗ ಸೀಸದ ಎರಡು ಹಾಳೆಗಳ ನಡುವೆ ಬಟ್ಟೆ, ರಬ್ಬರ್ ಪಟ್ಟಿಗಳಂಥದ್ದನ್ನೇ ಇಟ್ಟು ಸುರುಳಿ ಸುತ್ತಿದ್ದ. ಆಮೇಲೆ ಬಹುಕಾಲ ಆಳಿದ್ದು ಕಟ್ಟಿಗೆ. ದೇವದಾರು ಜಾತಿಯ ಮರಗಳ ತೆಳು ಹಲಗೆ. ತೂತು ಮಾಡುವ ಕೆಲಸವನ್ನು ಮರವೇ ಮಾಡಿಟ್ಟಿರುತ್ತಿತ್ತು, ನೀರು ಏರುವ ನಾಳಗಳ ರೂಪದಲ್ಲಿ. ಕ್ಷಾರದಲ್ಲಿ ಬೇಯಿಸಿ ಮರದ ಹಾನಿಕರ ರಸ ತೆಗೆದು, ಒಣಗಿದರೆ ಸೀಳುತ್ತದೆಂದು ಬ್ಯಾಟರಿಗೆ ಸೇರುವವರೆಗೂ ಒದ್ದೆಯಾಗಿಯೇ ಇಡುತ್ತಿದ್ದರು. ಈ ಕಟ್ಟಿಗೆಯ ಕಾಲದಲ್ಲಿ ನನಗೆ ತುಂಬ ಇಷ್ಟವಾದ ಒಂದು ಪ್ರಸಂಗವಿದೆ. ಕಟ್ಟಿಗೆ ಬಿಟ್ಟು ರಬ್ಬರಿನ ಹಾಳೆ ಹಾಕತೊಡಗಿದ ಮೇಲೆ ಋಣ ಪ್ಲೇಟುಗಳು ಬೇಗ ಸೋಲತೊಡಗಿದವು. ಹಾಳೆ ಸುಧಾರಿಸಿದೆ, ಬ್ಯಾಟರಿ ಕೆಟ್ಟಿದೆ! ಹುಡುಕಿದಾಗ ತಿಳಿದದ್ದು: ಇಷ್ಟು ದಿನ ಕಟ್ಟಿಗೆಯಿಂದ ಲಿಗ್ನಿನ್ ಎಂಬ ಅಂಶ ಸದ್ದಿಲ್ಲದೆ ಆಸಿಡ್‌ಗೆ ಇಳಿದು, ಋಣ ಪ್ಲೇಟಿನ ಸೀಸ ಗಟ್ಟಿಗಂಟಾಗದಂತೆ ಸಡಿಲವಾಗಿ ಇಟ್ಟಿತ್ತು. ಕಟ್ಟಿಗೆ ಹೋಯಿತು, ಆ ಸೇವೆಯೂ ಹೋಯಿತು. ಅಂದಿನಿಂದ ಕಟ್ಟಿಗೆಯಿಂದಲೇ ತೆಗೆದ ಲಿಗ್ನಿನ್ ಪುಡಿಯನ್ನು ಋಣ ಪ್ಲೇಟಿನ ಹಿಟ್ಟಿಗೆ ಬೆರೆಸುತ್ತಾರೆ. ಇಂದು ನಿಮ್ಮ ಮನೆಯ ಬ್ಯಾಟರಿಯಲ್ಲೂ ಅದು ಇದೆ. ಸುಮ್ಮನೆ ಅಡ್ಡ ನಿಂತಿದೆ ಎಂದುಕೊಂಡ ವಸ್ತು ಏನೆಲ್ಲ ಮಾಡುತ್ತಿರುತ್ತದೆ, ನೋಡಿ.

ಕಟ್ಟಿಗೆಯ ನಂತರ ಸೂಕ್ಷ್ಮ ತೂತಿನ ಗಟ್ಟಿ ರಬ್ಬರ್, ರೆಸಿನ್ ಕುಡಿಸಿದ ಕಾಗದ, ಪಿವಿಸಿ ಬಂದವು. ಪಿವಿಸಿಯ ಉಪಾಯ ಸರಳ. ಪುಡಿಯನ್ನು ಪಟ್ಟಿಯ ಮೇಲೆ ಹರಡಿ, ಪೂರ್ತಿ ಕರಗದಂತೆ ಕಣಗಳ ಅಂಚು ಅಂಚು ಮಾತ್ರ ಅಂಟುವಷ್ಟು ಕಾಯಿಸುವುದು. ಎಳ್ಳುಂಡೆಯಲ್ಲಿ ಎಳ್ಳಿಗೆ ಎಳ್ಳು ಅಂಟಿಯೂ ನಡುವೆ ಸಂದು ಉಳಿಯುವ ಹಾಗೆ. ಚಾಚಾಗೆ ಪಿವಿಸಿ ಕಾಲ ಚೆನ್ನಾಗಿ ನೆನಪಿದೆ. "ಹಳೀದು ಕೈಯಾಗ ಹಿಡದ್ರ ಲಟಕ್ಕನ ಮುರೀತಿತ್ತು. ಈಗಿಂದು ಮಡಚ್ರಿ, ತಿರುವ್ರಿ, ಏನೂ ಆಗಂಗಿಲ್ಲ."

ಈಗಿನದು ಪಾಲಿಎಥಿಲೀನ್. 1970ರ ದಶಕದಿಂದ ಕಾರು, ಇನ್ವರ್ಟರ್ ಬ್ಯಾಟರಿಗಳಲ್ಲಿ ಇದು ನೆಲೆಯೂರಿತು. ಹೆಸರು ಪಾಲಿಎಥಿಲೀನ್ ಆದರೂ ಹಾಳೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸಿಲಿಕಾ, ಅಂದರೆ ಮರಳಿನದೇ ಜಾತಿಯ ಅತಿ ನುಣುಪು ಪುಡಿ. ಪ್ಲಾಸ್ಟಿಕ್ಕಿಗೆ ನೀರು ಒಗ್ಗದು, ಆಸಿಡ್ ಅದರ ಮೇಲೆ ಕೆಸುವಿನೆಲೆಯ ಮೇಲಿನ ಹನಿಯಂತೆ ಜಾರುತ್ತದೆ. ಸಿಲಿಕಾ ಹಾಗಲ್ಲ, ಹೀರಿ ಹಿಡಿಯುತ್ತದೆ. ಪ್ಲಾಸ್ಟಿಕ್ಕಿನದು ಬಲ, ಸಿಲಿಕಾದ್ದು ಬಾಯಾರಿಕೆ. ಇವೆರಡನ್ನೂ ಖನಿಜ ತೈಲದ ಜೊತೆ, ತೈಲವೇ ಹೆಚ್ಚು ಪಾಲು, ಜೋಡಿ ತಿರುಪಿನ ಯಂತ್ರದಲ್ಲಿ ಸುಮಾರು 200 ಡಿಗ್ರಿಯಲ್ಲಿ ಅರೆದು ಹಾಳೆಯಾಗಿ ಹೊರಗೆ ಒತ್ತುತ್ತಾರೆ. ಕೆತ್ತಿದ ಉರುಳೆಗಳ ನಡುವೆ ಹಾಯುವಾಗ ಹಾಳೆಯ ಮೇಲೆ ಗೀರು ಏಳುತ್ತವೆ. ಆಮೇಲೆ ಹೆಕ್ಸೇನ್‌ನಂಥ ದ್ರಾವಕದಲ್ಲಿ ಅದ್ದಿ ತೈಲವನ್ನು ತೊಳೆದು ತೆಗೆಯುತ್ತಾರೆ. ತೈಲ ಕೂತಿದ್ದ ಜಾಗವೇ ತೂತು. ತೈಲವನ್ನು ಪೂರ್ತಿ ತೆಗೆಯುವುದಿಲ್ಲ, ಬೇಕೆಂದೇ ಸ್ವಲ್ಪ ಉಳಿಸುತ್ತಾರೆ. ಧನ ಪ್ಲೇಟಿನ ತೀಕ್ಷ್ಣ ಆಮ್ಲಜನಕ ಹಾಳೆಯನ್ನು ತಿನ್ನದಂತೆ ಆ ಎಣ್ಣೆಯ ಲೇಪ ಕಾಯುತ್ತದೆ.

ಆ ಗೀರುಗಳು ಅಂದಕ್ಕಲ್ಲ. ಗೀರಿನ ಮುಖ ಧನ ಪ್ಲೇಟಿನ ಕಡೆ ಇರುತ್ತದೆ. ಹಾಳೆಯ ಮೈ ಆ ಪ್ಲೇಟಿಗೆ ಅಂಟದೆ ನಡುವೆ ಆಸಿಡ್‌ಗೆ ಜಾಗ ಬಿಡುತ್ತದೆ. ಹಾಳೆಯನ್ನು ಮಡಚಿ ಅಂಚು ಒತ್ತಿ ಲಕೋಟೆ ಮಾಡಿ ಅದರೊಳಗೆ ಪ್ಲೇಟನ್ನು ಇಳಿಬಿಡುವ ಪದ್ಧತಿಯೂ ಇದೇ ಪ್ಲಾಸ್ಟಿಕ್ಕಿನಿಂದ ಸಾಧ್ಯವಾದದ್ದು, ಪಿವಿಸಿ ಮಡಚಿದರೆ ಮುರಿಯುತ್ತಿತ್ತಲ್ಲ. ಮುಂಚೆ ಪ್ಲೇಟಿನಿಂದ ಉದುರಿದ ಹಿಟ್ಟು ತಳದಲ್ಲಿ ಸೇರಿ ಕೊನೆಗೊಂದು ದಿನ ಎರಡು ಪ್ಲೇಟಿಗೂ ಸೇತುವೆಯಾಗುತ್ತಿತ್ತು. ಅದಕ್ಕೆಂದೇ ಡಬ್ಬಿಯ ತಳದಲ್ಲಿ ಖಾಲಿ ಜಾಗ ಬಿಡುತ್ತಿದ್ದರು. ಲಕೋಟೆ ಬಂದ ಮೇಲೆ ಉದುರಿದ್ದು ಲಕೋಟೆಯಲ್ಲೇ ಉಳಿಯಿತು, ಆ ಜಾಗಕ್ಕೂ ಪ್ಲೇಟು ಬೆಳೆಯಿತು.

ಈಗ ನನ್ನ ಬ್ಯಾಟರಿಯ ಆ ಬೆಳಕಿನ ಚುಕ್ಕೆಗೆ ಬರೋಣ. ಸೀಸದ ಬ್ಯಾಟರಿಯಲ್ಲಿ ಆಸಿಡ್ ಬರೀ ದಾರಿಯಲ್ಲ, ಅದೂ ಖರ್ಚಾಗುವ ಸಾಮಾನು. ಪೂರ್ತಿ ಖಾಲಿಯಾದ ಬ್ಯಾಟರಿಯಲ್ಲಿ ಉಳಿಯುವುದು ಹೆಚ್ಚುಕಡಿಮೆ ನೀರು. ಖಾಲಿಯಾಗುವಾಗ ಪ್ಲೇಟುಗಳ ಮೇಲೆ ಆಗುವ ಸೀಸದ ಸಲ್ಫೇಟ್ ಗಟ್ಟಿ ಆಸಿಡ್‌ನಲ್ಲಿ ಕರಗುವುದು ಕಡಿಮೆ, ನೀರಿನಂಥ ತೆಳು ಆಸಿಡ್‌ನಲ್ಲಿ ಹೆಚ್ಚು. ಮೂರು ವಾರ ಹಾಗೆ ಬಿಟ್ಟದ್ದರಿಂದ ಕರಗಿದ ಸೀಸ ಸೆಪರೇಟರಿನ ಡೊಂಕು ದಾರಿಗಳಲ್ಲೆಲ್ಲ ತುಂಬಿಕೊಂಡಿದೆ. ನಾನು ಬಂದು ಆತುರದಿಂದ ಚಾರ್ಜಿಗೆ ಹಾಕಿದೆ. ದಾರಿಯಲ್ಲಿದ್ದ ಸೀಸ ಅಲ್ಲಲ್ಲೇ ಲೋಹವಾಗಿ ಗಟ್ಟಿಯಾಯಿತು, ಒಂದು ಕಡೆ ಈ ತುದಿಯಿಂದ ಆ ತುದಿಗೆ ಎಳೆ ಕೂಡಿತು. ಅಲ್ಲಿ ಕರೆಂಟು ನುಗ್ಗಿ, ಕಾದು, ಹಾಳೆ ಕರಗಿ ತೂತಾಯಿತು. ಇದನ್ನು ತಡೆಯಲೆಂದೇ ತಯಾರಕರು ಆಸಿಡ್‌ಗೆ ಸೋಡಿಯಂ ಸಲ್ಫೇಟ್ ಬೆರೆಸುವುದುಂಟು. ನನ್ನಂಥ ಮರೆವಿನವರಿಗೆ ಅದೂ ಸಾಲದು. ಊರಿಗೆ ಹೋಗುವಾಗ ಇನ್ವರ್ಟರ್ ಆರಿಸಿ ಹೋಗಿ.

ಯುಪಿಎಸ್, ಬೈಕುಗಳಲ್ಲಿ ಬರುವ ಮುಚ್ಚಿದ ಬ್ಯಾಟರಿಯಲ್ಲಿ ಪ್ಲಾಸ್ಟಿಕ್ ಹಾಳೆಯ ಬದಲು ಗಾಜಿನ ಎಳೆಗಳ ದಪ್ಪ ಬತ್ತಿ ಇರುತ್ತದೆ. ಸುಮಾರು ಒಂದು ಮೈಕ್ರಾನ್ ದಪ್ಪದ ಗಾಜಿನ ನಾರುಗಳನ್ನು ನೀರಿನಲ್ಲಿ ಕದಡಿ, ಕಾಗದ ಮಾಡುವ ಯಂತ್ರದ ಜಾಲರಿಯ ಮೇಲೆ ಹರಡಿ, ನೀರು ಬಸಿದು ಒಣಗಿಸಿದ ಹಾಸು ಅದು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಖಾಲಿ. ಆ ಖಾಲಿಯನ್ನು ಆಸಿಡ್‌ನಿಂದ ಪೂರ್ತಿ ತುಂಬದೆ ಸ್ವಲ್ಪ ಬಿಡುತ್ತಾರೆ. ಧನ ಪ್ಲೇಟಿನಲ್ಲಿ ಎದ್ದ ಆಮ್ಲಜನಕ ಆ ಖಾಲಿ ಸಂದುಗಳಲ್ಲಿ ದಾಟಿ ಋಣ ಪ್ಲೇಟಿನಲ್ಲಿ ಮತ್ತೆ ನೀರಾಗುತ್ತದೆ. ಆದ್ದರಿಂದಲೇ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸವಿಲ್ಲ.

ಲಿಥಿಯಂ ಬ್ಯಾಟರಿಯಲ್ಲಿ ಕಥೆ ಬಿಗಿಯಾಗುತ್ತದೆ. ಅಲ್ಲಿ ನೀರಿಲ್ಲ, ಹೊತ್ತಿ ಉರಿಯುವ ಸಾವಯವ ದ್ರವದಲ್ಲಿ ಲಿಥಿಯಂ ಲವಣ ಕರಗಿರುತ್ತದೆ. ಈ ದ್ರವ ಅಯಾನುಗಳನ್ನು ಸಾಗಿಸುವುದು ಬ್ಯಾಟರಿ ಆಸಿಡ್‌ಗಿಂತ ಹತ್ತಾರು ಪಟ್ಟು ಕಡಿಮೆ ಸರಾಗ. ಅದಕ್ಕೇ ದಾರಿ ಗಿಡ್ಡವಾಗಬೇಕು, ಹಾಳೆ ತೀರ ತೆಳುವಾಗಬೇಕು. ಮೊದಲ ಕಾಲದಲ್ಲಿ 25 ಮೈಕ್ರಾನ್ ಇದ್ದದ್ದು 16, 12, ಈಗ 9ಕ್ಕೂ ಕೆಳಗೆ ಇಳಿದಿದೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್. ಅಂದರೆ ಒಂದು ಕೂದಲ ದಪ್ಪದಲ್ಲಿ ಏಳೆಂಟು ಹಾಳೆ ಪೇರಿಸಬಹುದು. ಆ ಹಾಳೆಯ ಒಂದು ಬದಿಗೆ ಧನ ಪ್ಲೇಟು, ಇನ್ನೊಂದು ಬದಿಗೆ ಋಣ ಪ್ಲೇಟು, ಸುತ್ತ ಸೀಮೆಎಣ್ಣೆಯ ನೆಂಟನಂಥ ದ್ರವ. ತೆಳುವಾದಷ್ಟೂ ಬ್ಯಾಟರಿಯಲ್ಲಿ ಹೆಚ್ಚು ಶಕ್ತಿ ಹಿಡಿಸುತ್ತದೆ, ಎದೆಬಡಿತವೂ ಹೆಚ್ಚುತ್ತದೆ.

1985ರಲ್ಲಿ ಇಂದಿನ ಲಿಥಿಯಂ-ಅಯಾನ್ ಬ್ಯಾಟರಿಯ ಮೂಲರೂಪ ಕಟ್ಟಿದ ಅಕಿರಾ ಯೋಶಿನೊ ಇದ್ದದ್ದು ಜಪಾನಿನ ಅಸಾಹಿ ಕಾಸೇ ಎಂಬ ರಾಸಾಯನಿಕ ಕಂಪನಿಯಲ್ಲಿ. 1991ರಲ್ಲಿ ಸೋನಿ ಇದನ್ನು ಮಾರುಕಟ್ಟೆಗೆ ತಂದಿತು, 2019ರಲ್ಲಿ ಯೋಶಿನೊ ಸಹಿತ ಮೂವರಿಗೆ ನೊಬೆಲ್ ಬಂತು. ಅಸಾಹಿ ಕಾಸೇ ಇಂದಿಗೂ ಸೆಪರೇಟರ್ ತಯಾರಿಕೆಯ ದೊಡ್ಡ ಹೆಸರುಗಳಲ್ಲೊಂದು.

ಈ ತೆಳು ಹಾಳೆ ಮಾಡಲು ಮುಖ್ಯವಾಗಿ ಎರಡು ದಾರಿ, ಒಣ ವಿಧಾನ ಮತ್ತು ಹಸಿ ವಿಧಾನ. ಕಲಬುರಗಿಯವರಿಗೆ ಈ ಹೆಸರು ಕೇಳಿದೊಡನೆ ದಾಲ್ ಮಿಲ್ ನೆನಪಾಗಬೇಕು. ತೊಗರಿಯ ಸಿಪ್ಪೆ ಬಿಡಿಸಲೂ ಇವೇ ಎರಡು ವಿಧಾನ. ಕಾಳಿಗೆ ಎಣ್ಣೆ ಸವರಿ ಬಿಸಿಲಿಗೆ ಹಾಕುವುದು ಒಣ ವಿಧಾನ, ನೀರಲ್ಲಿ ನೆನೆಸಿ ಕೆಮ್ಮಣ್ಣು ಬೆರೆಸಿ ಒಣಗಿಸುವುದು ಹಸಿ ವಿಧಾನ. ಸೆಪರೇಟರಿನಲ್ಲಿ ಇದು ತಿರುಗಾಮುರುಗಾ. ಎಣ್ಣೆ ಬಳಸುವುದೇ ಹಸಿ ವಿಧಾನ.

ಒಣ ವಿಧಾನ ಮೊದಲು ಬೆಳೆದದ್ದು ಅಮೆರಿಕದಲ್ಲಿ, ಸೆಲ್ಗಾರ್ಡ್ ಎಂಬ ಹೆಸರಿನ ಹಾಳೆಯೊಂದಿಗೆ. ಹೆಚ್ಚಾಗಿ ಬಳಸುವುದು ಪಾಲಿಪ್ರೊಪಿಲೀನ್. ನಮ್ಮ ಗೊಬ್ಬರದ ಚೀಲ, ಪ್ಲಾಸ್ಟಿಕ್ ಹಗ್ಗದ್ದೇ ಪ್ಲಾಸ್ಟಿಕ್. ಅದನ್ನು ಕರಗಿಸಿ ಕಿರಿದಾದ ಸೀಳಿನಿಂದ ಹೊರಬಿಟ್ಟು, ಬಿಸಿಯಿರುವಾಗಲೇ ಜೋರಾಗಿ ಎಳೆದು, ಗಾಳಿಯಿಂದ ತಣಿಸುತ್ತಾರೆ. ಆ ಎಳೆತದಲ್ಲಿ ಪ್ಲಾಸ್ಟಿಕ್ಕಿನ ಹರಳುಗಳು ಅಡ್ಡಾದಿಡ್ಡಿ ಬೆಳೆಯದೆ ಸಾಲಾಗಿ ನಿಲ್ಲುತ್ತವೆ. ಶಹಾಬಾದಿನ ಕಲ್ಲುಗಣಿಯ ಹೊರಗೆ ಫರಸಿಗಳನ್ನು ಒಂದರ ಪಕ್ಕ ಒಂದು ಒರಗಿಸಿ ನಿಲ್ಲಿಸಿರುತ್ತಾರಲ್ಲ, ಹಾಗೆ. ಒಂದೊಂದು ಫರಸಿಯೂ ಹರಳಿನ ಒಂದು ಪದರ. ಪದರಗಳ ನಡುವೆ ಮೆತ್ತನೆಯ, ಹರಳಾಗದ ಪ್ಲಾಸ್ಟಿಕ್, ಮತ್ತು ಈ ಫರಸಿಯಿಂದ ಆ ಫರಸಿಗೆ ಹೊಲಿದಂತೆ ಹಾದಿರುವ ಕೆಲವು ಎಳೆಗಳು. ಹಾಳೆಯನ್ನು ಕರಗದಷ್ಟು ಬಿಸಿಯಲ್ಲಿ ಕೆಲಹೊತ್ತು ಇಟ್ಟು ಹರಳುಗಳನ್ನು ಇನ್ನೂ ಗಟ್ಟಿ ಮಾಡುತ್ತಾರೆ. ಆಮೇಲೆ ಮೊದಲು ತಣ್ಣಗಿರುವಾಗ ಎಳೆಯುತ್ತಾರೆ, ಫರಸಿಗಳ ನಡುವೆ ಬಿರುಕು ಬಾಯಿಬಿಡುತ್ತದೆ. ನಂತರ ಬಿಸಿ ಮಾಡಿ ಎಳೆಯುತ್ತಾರೆ, ಬಿರುಕು ಅಗಲವಾಗುತ್ತದೆ. ಎಳೆಗಳು ಹರಿಯದೆ ಸೇತುವೆಯಂತೆ ಉಳಿಯುತ್ತವೆ. ಮೈಕ್ರೊಸ್ಕೋಪಿನಲ್ಲಿ ನೋಡಿದರೆ ಉದ್ದುದ್ದ ಸೀಳು ತೂತುಗಳ ಸಾಲು.

ದ್ರಾವಕ ಬೇಡ, ತೊಳೆಯುವುದು ಬೇಡ, ಖರ್ಚು ಕಡಿಮೆ. ತೊಂದರೆಯೂ ಅದೇ ಎಳೆತದಲ್ಲಿದೆ. ಒಂದೇ ದಿಕ್ಕಿಗೆ ಎಳೆದ ಹಾಳೆ ಆ ದಿಕ್ಕಿಗೆ ಹಗ್ಗದಷ್ಟು ಗಟ್ಟಿ, ಅಡ್ಡಕ್ಕೆ ಹಿಡಿದೆಳೆದರೆ ಉದ್ದಕ್ಕೆ ಸೀಳುತ್ತದೆ. ಗೊಬ್ಬರ ಚೀಲದ ನೂಲನ್ನು ಉಗುರಿಂದ ಉದ್ದುದ್ದಕ್ಕೆ ಸಿಗಿದವರಿಗೆ ಇದು ಗೊತ್ತು.

ಹಸಿ ವಿಧಾನ ನನಗೆ ಹೆಚ್ಚು ಚಂದ ಕಾಣುತ್ತದೆ. ಅತಿ ಉದ್ದ ಸರಪಳಿಯ ಪಾಲಿಎಥಿಲೀನನ್ನು ಅದಕ್ಕಿಂತ ಹೆಚ್ಚು ಪ್ರಮಾಣದ ಪ್ಯಾರಾಫಿನ್ ಎಣ್ಣೆಯಲ್ಲಿ ಸುಮಾರು 200 ಡಿಗ್ರಿಯಲ್ಲಿ ಕರಗಿಸುತ್ತಾರೆ. ಆ ಬಿಸಿಯಲ್ಲಿ ಎರಡೂ ಒಂದೇ, ಸ್ವಚ್ಛ ಪಾಕ. ಅದು ಹಾಳೆಯಾಗಿ ಹೊರಬಂದು ತಣ್ಣನೆಯ ಉರುಳೆಯ ಮೇಲೆ ಬಿದ್ದಾಗ ಒಟ್ಟಿಗಿದ್ದವು ಬೇರೆಯಾಗುತ್ತವೆ. ಚಳಿಗಾಲದಲ್ಲಿ ತುಪ್ಪದ ಡಬ್ಬಿ ನೋಡಿ. ಬಿಸಿಯಿದ್ದಾಗ ಎಲ್ಲ ಒಂದೇ ಹೊನ್ನೀರು. ತಣ್ಣಗಾದ ಮೇಲೆ ಹರಳು ಹರಳು, ಹರಳುಗಳ ನಡುವೆ ಇನ್ನೂ ಗಟ್ಟಿಯಾಗದ ತುಪ್ಪ. ಆ ದ್ರವವನ್ನು ಮಾತ್ರ ಬಸಿದು ತೆಗೆಯಲು ಬಂದರೆ ಉಳಿಯುವುದು ಸಂದುಸಂದಾದ ಹರಳಿನ ಗೂಡು. ಇಲ್ಲಿ ಮಾಡುವುದೂ ಅದನ್ನೇ, ಆದರೆ ಅದಕ್ಕೆ ಮೊದಲು ಎಣ್ಣೆ ತುಂಬಿದ ಆ ದಪ್ಪ ಹಾಳೆಯ ಎರಡೂ ಅಂಚುಗಳನ್ನು ಚಿಮುಟಗಳಲ್ಲಿ ಕಚ್ಚಿ ಬಿಸಿ ಗಾಳಿಯ ಕೋಣೆಯೊಳಗೆ ಉದ್ದಕ್ಕೂ ಅಗಲಕ್ಕೂ ಹಲವು ಪಟ್ಟು ಹಿಗ್ಗಿಸುತ್ತಾರೆ. ಮಿಲಿಮೀಟರಿನ ಲೆಕ್ಕದಲ್ಲಿದ್ದದ್ದು ಮೈಕ್ರಾನಿನ ಲೆಕ್ಕಕ್ಕೆ ಇಳಿಯುತ್ತದೆ. ತಣಿಸುವ ವೇಗ ಸ್ವಲ್ಪ ಬದಲಾದರೂ ಹರಳಿನ ಗಾತ್ರ ಬದಲಾಗುತ್ತದೆ, ಹರಳಿನ ಜೊತೆ ತೂತೂ ಬದಲಾಗುತ್ತದೆ. ಅನುಭವ ಇಲ್ಲದವರು ಯಂತ್ರ ಮಾತ್ರ ಕೊಂಡು ತಂದರೆ ಹಾಳೆ ಬರುವುದಿಲ್ಲ ಎನ್ನುವುದು ಇದೇ ಕಾರಣಕ್ಕೆ.

ಆಮೇಲೆ ಎಣ್ಣೆ ತೊಳೆಯುವ ಸ್ನಾನ. ಸಾಮಾನ್ಯವಾಗಿ ಬಳಸುವ ದ್ರಾವಕ ಡೈಕ್ಲೋರೊಮೀಥೇನ್. ಅದು ಕುದಿಯುವುದು ಸುಮಾರು 40 ಡಿಗ್ರಿಯಲ್ಲಿ. ನಮ್ಮ ಮೇ ತಿಂಗಳ ಮಧ್ಯಾಹ್ನ ನೆರಳಲ್ಲಿ ಪಾತ್ರೆಯಲ್ಲಿಟ್ಟರೆ ಒಲೆಯಿಲ್ಲದೆ ಕುದಿಯುವ ವಸ್ತು! ಆವಿ ಆರೋಗ್ಯಕ್ಕೆ ಒಳ್ಳೆಯದಲ್ಲ. ಒಂದು ಹನಿಯೂ ಹೊರಹೋಗದಂತೆ ಹಿಡಿದು, ತಣಿಸಿ, ಎಣ್ಣೆ ಬೇರೆ, ದ್ರಾವಕ ಬೇರೆ ಮಾಡಿ ಮತ್ತೆ ಬಳಸಬೇಕು. ಹಸಿ ವಿಧಾನದ ಕಾರ್ಖಾನೆಯಲ್ಲಿ ದೊಡ್ಡ ಜಾಗ, ದೊಡ್ಡ ಖರ್ಚು ಈ ಮರುಬಳಕೆಯ ವ್ಯವಸ್ಥೆಯದು. ತೊಳೆದ ಹಾಳೆ ಒಣಗುವಾಗ ಮುದುರುತ್ತದೆ. ಅದನ್ನು ಮತ್ತೆ ಹಿಗ್ಗಿಸಿ, ಬಿಸಿಯಲ್ಲಿ ಹಿಡಿದು ನಿಲ್ಲಿಸಿ, ಆಕಾರವನ್ನು ಕಾಯಂ ಮಾಡಿ ಕತ್ತರಿಸಿ ಸುತ್ತುತ್ತಾರೆ. ಕೊನೆಗೆ ಸಿಗುವುದು ಎರಡೂ ದಿಕ್ಕಿಗೆ ಗಟ್ಟಿಯಾದ, ಜೇಡರ ಬಲೆಗಳನ್ನು ಒಂದರ ಮೇಲೊಂದು ಹಾಸಿದಂಥ ಹಾಳೆ. ತೀರ ತೆಳು ಹಾಳೆ ಬೇಕಾದಲ್ಲಿ ಇದೇ ಮುಂದು.

ಪಾಲಿಎಥಿಲೀನ್ ಕರಗುವುದು ಸುಮಾರು 130-135 ಡಿಗ್ರಿಗೆ, ಪಾಲಿಪ್ರೊಪಿಲೀನ್ ಸುಮಾರು 165ಕ್ಕೆ. ಕರಗುವುದು ದೋಷ ಎನಿಸುತ್ತದೆ, ಆದರೆ ಅದನ್ನೇ ಕಾವಲಿಗೆ ಬಳಸಿಕೊಂಡಿದ್ದಾರೆ. ಬ್ಯಾಟರಿ ಅತಿಯಾಗಿ ಕಾದಾಗ ಪಾಲಿಎಥಿಲೀನ್ ಕರಗಿ ತನ್ನ ತೂತುಗಳನ್ನು ತಾನೇ ಮುಚ್ಚಿಕೊಳ್ಳುತ್ತದೆ. ಅಯಾನು ದಾಟಲಾಗದು, ಕರೆಂಟು ನಿಲ್ಲುತ್ತದೆ. ಮನೆಯ ಫ್ಯೂಸ್ ಹಾರಿದ ಹಾಗೆ, ಮತ್ತೆ ತೆರೆಯುವುದಿಲ್ಲ. ಆದರೆ ಪೂರ್ತಿ ಕರಗಿ ಹರಿದರೆ ಪ್ಲೇಟಿಗೆ ಪ್ಲೇಟೇ ತಾಗುತ್ತದೆ. ಅದಕ್ಕಾಗಿ ಎರಡು ಪಾಲಿಪ್ರೊಪಿಲೀನ್ ಪದರಗಳ ನಡುವೆ ಪಾಲಿಎಥಿಲೀನ್ ಇಟ್ಟ ಮೂರು ಪದರದ ಹಾಳೆ ಬಂತು. ನಡುವಿನದು ತೂತು ಮುಚ್ಚುತ್ತದೆ, ಹೊರಗಿನವು ಇನ್ನೂ ಮೂವತ್ತು ಡಿಗ್ರಿ ತಡೆದು ನಿಲ್ಲುತ್ತವೆ. ಚಿಕ್ಕ ಮೊಬೈಲ್ ಬ್ಯಾಟರಿಗೆ ಇದು ಒಳ್ಳೆಯ ಉಪಾಯ. ನೂರಾರು ಸೆಲ್‌ಗಳಿರುವ ಕಾರಿನಲ್ಲಿ ಬಿಸಿ ಎಷ್ಟು ವೇಗವಾಗಿ ಏರಬಹುದೆಂದರೆ ಆ ಮೂವತ್ತು ಡಿಗ್ರಿಯನ್ನೇ ನಂಬಿ ಕೂರಲಾಗದು.

ನಿಜವಾದ ಭಯ ಕರಗುವುದಕ್ಕಿಂತ ಮೊದಲೇ ಇದೆ. ಹಿಗ್ಗಿಸಿ ಮಾಡಿದ ಹಾಳೆ ಬಿಸಿ ತಾಗಿದರೆ ತನ್ನ ಹಳೆಯ ಗಾತ್ರ ನೆನೆಸಿಕೊಂಡು ಕುಗ್ಗುತ್ತದೆ. ಅಂಚಿನಲ್ಲಿ ಒಂದೆರಡು ಮಿಲಿಮೀಟರ್ ಕುಗ್ಗಿದರೆ ಸಾಕು, ಎರಡು ಪ್ಲೇಟಿನ ಅಂಚುಗಳು ಎದುರುಬದುರು. ಇದಕ್ಕೆ ಈಗ ಎಲ್ಲರೂ ಹಿಡಿದಿರುವ ಮದ್ದು ಗಾರೆ. ಮಣ್ಣಿನ ಗೋಡೆಗೆ ಗಾರೆ ಬಳಿದಂತೆ ಹಾಳೆಯ ಮೇಲೆ ಅಲ್ಯೂಮಿನಾ ಅಥವಾ ಬೋಹಮೈಟ್ ಎಂಬ ಅಲ್ಯೂಮಿನಿಯಂ ಖನಿಜದ ನುಣುಪು ಪುಡಿಯನ್ನು ಅಂಟಿನೊಂದಿಗೆ ಕಲಸಿ, ಉರುಳೆಯಿಂದ ಎರಡು-ಮೂರು ಮೈಕ್ರಾನ್ ಬಳಿದು ಒಣಗಿಸುತ್ತಾರೆ. ಪುಡಿಯ ಕಣಗಳ ನಡುವೆ ಸಂದು ಇದ್ದೇ ಇರುತ್ತದೆ, ಅಯಾನಿಗೆ ಅಡ್ಡಿಯಿಲ್ಲ. ಅಲ್ಯೂಮಿನಾಗೆ 150 ಡಿಗ್ರಿ ಲೆಕ್ಕವೇ ಅಲ್ಲ, ಒಳಗಿನ ಪ್ಲಾಸ್ಟಿಕ್ ಕುಗ್ಗಲು ಹೊರಟರೂ ಮೇಲಿನ ಗಾರೆ ಹಿಡಿದು ನಿಲ್ಲಿಸುತ್ತದೆ. ಜೊತೆಗೆ ಬ್ಯಾಟರಿಯೊಳಗಿನ ದ್ರವವನ್ನು ಚೆನ್ನಾಗಿ ಹೀರುತ್ತದೆ. ಬಹಳ ಬಿಸಿ ತಡೆಯುವ ಅರಾಮಿಡ್ ಪಾಲಿಮರಿನ ಲೇಪವೂ ಬಳಕೆಯಲ್ಲಿದೆ. ಸೆಲ್ಯುಲೋಸ್ ನಾರಿನ ಹಾಳೆ, ವಿದ್ಯುತ್ ಸೆಳೆತದಿಂದ ನೂತ ಅತಿ ತೆಳು ನಾರಿನ ಹಾಸುಗಳ ಮೇಲೂ ಕೆಲಸ ನಡೆದಿದೆ.

ಇಷ್ಟೆಲ್ಲ ಮಾಡಿದರೂ ಹಾಳೆಯದೇ ತಪ್ಪಿಲ್ಲದೆ ಅನಾಹುತ ಆಗಬಹುದು. 2016ರಲ್ಲಿ ಗ್ಯಾಲಕ್ಸಿ ನೋಟ್ 7 ಫೋನುಗಳು ಹೊತ್ತಿಕೊಂಡು ವಿಮಾನಗಳಲ್ಲಿ ನಿಷೇಧವಾದದ್ದು ನೆನಪಿರಬಹುದು. ಒಂದು ಬಗೆಯ ಬ್ಯಾಟರಿಯಲ್ಲಿ ಮೂಲೆಯಲ್ಲಿ ಜಾಗ ಸಾಲದೆ ಋಣ ಪ್ಲೇಟು ಬಾಗಿತ್ತು, ಇನ್ನೊಂದರಲ್ಲಿ ವೆಲ್ಡಿಂಗ್ ಮಾಡಿದ ಕಡೆ ಉಳಿದ ಚೂಪು ಹಾಳೆಯನ್ನು ಚುಚ್ಚಿತ್ತು ಎಂದು ಸ್ಯಾಮ್ಸಂಗ್ 2017ರ ಜನವರಿಯಲ್ಲಿ ಹೇಳಿತು. ಶೆವ್ರೊಲೆ ಬೋಲ್ಟ್ ಕಾರುಗಳನ್ನು 2021ರಲ್ಲಿ ಸಾಮೂಹಿಕವಾಗಿ ವಾಪಸ್ ಕರೆಸಿದ್ದು ಒಂದೇ ಸೆಲ್‌ನಲ್ಲಿ ಋಣ ಪ್ಲೇಟಿನ ಹರಿದ ಪಟ್ಟಿ ಮತ್ತು ಮಡಚಿಕೊಂಡ ಸೆಪರೇಟರ್ ಎರಡೂ ಸೇರುವ ಅಪರೂಪದ ಸಂದರ್ಭಕ್ಕಾಗಿ.

ಆದ್ದರಿಂದ ಪರೀಕ್ಷೆಗಳೂ ಕಟ್ಟುನಿಟ್ಟು. ನನಗೆ ಹಿಡಿಸಿದ್ದು ಗರ್ಲಿ ಪರೀಕ್ಷೆ. ನಿಗದಿತ ಒತ್ತಡದಲ್ಲಿ 100 ಮಿಲಿಲೀಟರ್ ಗಾಳಿ ಹಾಳೆಯ ನಿಗದಿತ ಅಗಲದಿಂದ ದಾಟಲು ಎಷ್ಟು ಸೆಕೆಂಡು ಬೇಕು ಎಂದು ಎಣಿಸುವುದು, ಅಷ್ಟೇ. ಬೇಗ ದಾಟಿದರೆ ದಾರಿ ಸರಾಗ, ತೀರ ಬೇಗ ದಾಟಿದರೆ ಎಲ್ಲೋ ನೇರ ತೂತು ಇದೆ. ನೂರಾರು ಸೆಕೆಂಡು ತೆಗೆದುಕೊಳ್ಳುವ ಹಾಳೆಗಳೂ ಇವೆ. ಸೂಜಿಯಿಂದ ಒತ್ತಿ ಎಷ್ಟು ಬಲಕ್ಕೆ ಚುಚ್ಚುತ್ತದೆ ನೋಡುವುದು, ಒಲೆಯಲ್ಲಿ ಗಂಟೆಗಟ್ಟಲೆ ಇಟ್ಟು ಎಷ್ಟು ಕುಗ್ಗಿತು ಅಳೆಯುವುದು, ಓಡುವ ಹಾಳೆಯನ್ನು ಕ್ಯಾಮೆರಾದಿಂದ ಕಾಯುವುದು ಇನ್ನುಳಿದವು. ಸಾವಿರಾರು ಮೀಟರ್ ಹಾಳೆಯಲ್ಲಿ ಒಂದು ಸೂಜಿತೂತೂ ಲೆಕ್ಕಕ್ಕೆ ಬರುತ್ತದೆ.

ಲಿಥಿಯಂ ಸೆಪರೇಟರ್ ಬಹುಪಾಲು ಬರುವುದು ಚೀನಾ, ಜಪಾನ್, ದಕ್ಷಿಣ ಕೊರಿಯಾದಿಂದ. ಕೇಂದ್ರ ಸರ್ಕಾರ 2021ರಲ್ಲಿ 50 ಗಿಗಾವ್ಯಾಟ್-ಅವರ್ ಸೆಲ್ ತಯಾರಿಕೆಗೆಂದು 18,100 ಕೋಟಿ ರೂಪಾಯಿಯ ಪ್ರೋತ್ಸಾಹ ಯೋಜನೆ ಒಪ್ಪಿತು. ಸೆಲ್ ಇಲ್ಲಿ ಮಾಡಿ ಹಾಳೆಯನ್ನು ಹಡಗಿನಲ್ಲಿ ತರಿಸಿದರೆ ಹೋಳಿಗೆ ಮನೆಯದು, ಹೂರಣ ಪೇಟೆಯದು ಎಂದಂತೆ. ತೆಳು ಪ್ಲಾಸ್ಟಿಕ್ ಹಾಳೆ ಮಾಡುವ ಅನುಭವ ನಮ್ಮ ದೇಶದಲ್ಲಿ ಇಲ್ಲವೆಂದಲ್ಲ, ಆದರೆ ತೂತನ್ನು ಬೇಕಾದಂತೆ ಬೆಳೆಸುವ ಕೈಗುಣಕ್ಕೆ ವರ್ಷಗಳು ಹಿಡಿಯುತ್ತವೆ.

ಹೊಸ ಬ್ಯಾಟರಿ ತರಲು ಮತ್ತೆ ಚಾಚಾ ಅಂಗಡಿಗೆ ಹೋದಾಗ ಯಾರೋ ಎಲೆಕ್ಟ್ರಿಕ್ ಸ್ಕೂಟರಿನ ಲಿಥಿಯಂ ಪ್ಯಾಕ್ ತಂದು ಟೇಬಲ್ ಮೇಲೆ ಇಟ್ಟಿದ್ದರು. ಒಂದು ಬದಿ ಉಬ್ಬಿತ್ತು. ಬಿಚ್ಚಿ ಒಂದು ಸೆಲ್ ಬದಲಿಸಿಕೊಡಿ ಎಂದು ಹುಡುಗನೊಬ್ಬ ಗಂಟುಬಿದ್ದಿದ್ದ. ಚಾಚಾ ಅದನ್ನು ಮುಟ್ಟಲೂ ಇಲ್ಲ. ಒಳಗಿನ ಹಾಳೆ ಎಷ್ಟು ತೆಳು ಎಂದು ನನ್ನನ್ನು ಕೇಳಿದರು. ಕೂದಲಿನ ಎಂಟನೇ ಒಂದು ಪಾಲು ಎಂದೆ. ಹಳೆಯ ಬ್ಯಾಟರಿಯಿಂದ ತೆಗೆದಿದ್ದ ಆ ಕರಿಯ ಹಾಳೆ ಇನ್ನೂ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನೊಮ್ಮೆ ನೋಡಿ, ಹುಡುಗನ ಕಡೆ ತಿರುಗಿದರು. "ಇದರಾಗ ತೂತು ಬಿದ್ರ ಫ್ಯಾನ್ ನಿಂದ್ರತದ. ಅದರಾಗ ಬಿದ್ರ ಅಂಗಡೀನೇ ಹೋಗ್ತದ. ಕಂಪ್ನಿಗೇ ಒಯ್ಯಪ್ಪಾ. ಗಾಡಿ ಮ್ಯಾಲ ಇಟ್ಕೊಂಡು ಬಿಸಲಾಗ ತಿರಗಬ್ಯಾಡ."